ಯುಜಿಡಿ (ನೆಲದೊಳಗಿನ ಒಳಚರಂಡಿ) ಉಕ್ಕಿದಾಗ "ಅದು ನಮ್ಮದಲ್ಲ" ಅನ್ನುವವರನ್ನು ಹಿಡಿಯುವುದು ಹೇಗೆ

ಮ್ಯಾನ್‌ಹೋಲ್ ಉಕ್ಕಿ ರಸ್ತೆ ತುಂಬಾ ಹೊಲಸು ನೀರು. ಜಲಮಂಡಳಿಗೆ ಫೋನ್ ಮಾಡಿದರೆ "ಅದು ಕಾರ್ಪೊರೇಷನ್ ಚರಂಡಿ ಸಾರ್" ಅನ್ನುತ್ತಾರೆ. ಕಾರ್ಪೊರೇಷನ್ ಇಂಜಿನಿಯರ್‌ನ ಕೇಳಿದರೆ "ಜಲಮಂಡಳಿ ಲೈನ್ ಮೇಡಂ, ನಾವು ಮುಟ್ಟೋ ಹಾಗಿಲ್ಲ". ಶಾಸಕರ ಆಫೀಸಿಗೆ ಹೋದರೆ ಹಿಂದಿನ ಸರ್ಕಾರ ದುಡ್ಡೇ ಇಡಲಿಲ್ಲ ಅನ್ನುವ ಭಾಷಣ, ವಿರೋಧ ಪಕ್ಷದವರ ಹತ್ತಿರ ಹೋದರೆ ಈ ಸರ್ಕಾರದ ಖಜಾನೆಯೇ ಖಾಲಿ ಅನ್ನುವ ಭಾಷಣ. ಅಷ್ಟರಲ್ಲಿ ನೀರು ನಿಮ್ಮ ಗೇಟು ದಾಟಿ ಒಳಗೆ ಬಂದಿರುತ್ತದೆ.

ಯಾವ ಪಕ್ಷ ಒಳ್ಳೆಯದು ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ಈ ತಳ್ಳಾಟ ನಡೆಯುವುದೇ ಎರಡು ವಿಷಯ ಜನರಿಗೆ ಗೊತ್ತಿಲ್ಲದೆ ಇರುವುದರಿಂದ: ಪೈಪ್ ಯಾರದು, ರಿಪೇರಿ ಫೈಲು ಯಾರ ಟೇಬಲ್ ಮೇಲೆ ಕೂತಿದೆ. ಇವೆರಡೂ ತಾರೀಖಿನ ಸಮೇತ ಕಾಗದದಲ್ಲಿ ನಿಮ್ಮ ಕೈಗೆ ಬಂದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಕೆಳಗೆ ಬರೆದಿರುವುದೆಲ್ಲ ಅದನ್ನು ಪಡೆಯುವ ದಾರಿ. ಬೆಂಗಳೂರನ್ನು ಇಟ್ಟುಕೊಂಡು ಬರೆದಿದ್ದೇನೆ, ಬೇರೆ ಊರಿನವರಿಗೆ ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲಿ ಹೇಳುತ್ತೇನೆ.

ಮೊದಲು ಮನೆ, ಆಮೇಲೆ ಆಫೀಸು

ಬೇಸ್‌ಮೆಂಟಿಗೋ ನೆಲಮಹಡಿಗೋ ನೀರು ನುಗ್ಗಿದ್ದರೆ ಇಳಿಯುವ ಮುಂಚೆ ಕರೆಂಟಿನ ಮೇನ್ ಆಫ್ ಮಾಡಿ. ಕೈಕಾಲಲ್ಲಿ ಗಾಯ ಇದ್ದವರು ಆ ನೀರಿಗೆ ಇಳಿಯಲೇಬೇಡಿ, ಇಲಿ ಜ್ವರ ಬರುವುದು ಹೀಗೇ. ಆಮೇಲೆ ನೋಡಬೇಕಾದ್ದು ಸಂಪು. ರಸ್ತೆಯ ಮಟ್ಟದಲ್ಲೇ ಮುಚ್ಚಳ ಇರುವ ಸಂಪಾದರೆ ಹೊಲಸು ನೀರು ಸೇರಿದೆ ಅಂತಲೇ ಇಟ್ಟುಕೊಳ್ಳಿ. ಪಂಪ್ ಆನ್ ಮಾಡಬೇಡಿ. ಮಾಡಿದರೆ ಮೇಲಿನ ಟ್ಯಾಂಕೂ ಹಾಳು, ಮನೆಯ ಎಲ್ಲ ಪೈಪೂ ಹಾಳು. ಸಂಪು ಪೂರ್ತಿ ಖಾಲಿ ಮಾಡಿಸಿ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ, ತೊಳೆಸಿ, ಆಮೇಲೆ ತುಂಬಿಸಿ. ಅಲ್ಲಿಯ ತನಕ ಕುಡಿಯಲು ಬೇರೆ ಕಡೆಯ ನೀರು ತನ್ನಿ, ಅದನ್ನೂ ಚೆನ್ನಾಗಿ ಕುದಿಸಿಯೇ ಕುಡಿಯಿರಿ. ಮನೆಯಲ್ಲಿ ಫಿಲ್ಟರ್ ಇದೆಯಲ್ಲ ಅಂತ ಸುಮ್ನೆ ಧೈರ್ಯವಾಗಿ ಇರಬೇಡಿ.

ಸಂಪಿನ ಒಳಗೆ ಏನೂ ನುಗ್ಗದಿದ್ದರೂ ನಲ್ಲಿ ನೀರು ಕೆಡಬಹುದು. ನಮ್ಮ ಊರುಗಳಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ. ನೀರು ನಿಂತಾಗ ಪೈಪಿನ ಒಳಗೆ ಒತ್ತಡ ಇರುವುದಿಲ್ಲ, ಎಲ್ಲಾದರೂ ಸಣ್ಣ ತೂತು ಇದ್ದರೆ ಸುತ್ತ ನಿಂತ ಕೊಳಚೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಅದೇ ಮೊದಲು ನಿಮ್ಮ ಮನೆಗೆ ಬರುತ್ತದೆ. ಅದಕ್ಕೇ ನೀರು ಬಂದ ಮೊದಲ ಕೆಲವು ನಿಮಿಷ ಹೊರಗೆ ಬಿಟ್ಟುಬಿಡಿ. ವಾಸನೆ, ಬಣ್ಣ ಬದಲಾಗಿದ್ದರೆ ಒಂದು ಬಾಟಲಿಯಲ್ಲಿ ಹಿಡಿದು, ತಾರೀಖು ಮತ್ತು ಹೊತ್ತು ಬರೆದು, ಫೋಟೋ ತೆಗೆದಿಡಿ, ಮತ್ತು ಜಿಲ್ಲೆಯ ಸಾರ್ವಜನಿಕ ಆರೋಗ್ಯ ಪ್ರಯೋಗಾಲಯದಲ್ಲಿ ಪರೀಕ್ಷೆ ಆಗಬೇಕು ಅಂತ ದೂರಿನಲ್ಲೇ ಕೇಳಿ.

ಇದು ಜಾಸ್ತಿ ಆಯ್ತು ಅನ್ನಿಸುತ್ತಿದೆಯಾ? 2022ರ ಮೇ ಕೊನೆಯಲ್ಲಿ ರಾಯಚೂರಿನಲ್ಲಿ ನಗರಸಭೆ ಬಿಟ್ಟ ನೀರು ಕುಡಿದು ಜನ ಸತ್ತರು. 2025ರ ಡಿಸೆಂಬರ್‌ನಲ್ಲಿ ಇಂದೋರಿನ ಭಾಗೀರಥಪುರದಲ್ಲಿ ಕುಡಿಯುವ ನೀರಿನ ಲೈನಿಗೆ ಕೊಳಚೆ ಸೇರಿ ಸಾವುಗಳಾದವು. ಅದು ವರ್ಷ ವರ್ಷವೂ ದೇಶದ ಅತಿ ಸ್ವಚ್ಛ ನಗರ ಅಂತ ಪ್ರಶಸ್ತಿ ಪಡೆದ ಊರು. ಹೊಸ ಪೈಪಿಗೆ ಮೊದಲೇ ಟೆಂಡರ್ ಕರೆದಿದ್ದರೂ ಕೆಲಸ ಯಾಕೆ ಆಗಿರಲಿಲ್ಲ ಅನ್ನುವುದೇ ಆಮೇಲೆ ದೊಡ್ಡ ಜಗಳವಾಯಿತು. ಬೀದಿಯಲ್ಲಿ ಎರಡು ಮೂರು ಮನೆಯಲ್ಲಿ ಒಟ್ಟಿಗೆ ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ಕೊಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಆಶಾ ಕಾರ್ಯಕರ್ತೆಗೋ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರಕ್ಕೋ ಅವತ್ತೇ ತಿಳಿಸಿ. ಖಾಸಗಿ ಕ್ಲಿನಿಕ್‌ನಲ್ಲಿ ತೋರಿಸಿಕೊಂಡು ಬಂದರೆ ಅದು ಯಾರ ಲೆಕ್ಕಕ್ಕೂ ಸಿಗದೆ ಹೋಗಬಹುದು.

ಇನ್ನೊಂದು ಮಾತು, ಇದರಲ್ಲಿ ರಾಜಿ ಇಲ್ಲ. ಮುಚ್ಚಳ ನೀವು ತೆಗೆಯಬೇಡಿ, ಇನ್ನೂರು ಐನೂರು ಕೊಟ್ಟು ಯಾರನ್ನೂ ಒಳಗೆ ಇಳಿಸಬೇಡಿ. ಒಳಗೆ ಇರುವ ಹೈಡ್ರೋಜನ್ ಸಲ್ಫೈಡ್ ಅನಿಲ ಜಾಸ್ತಿ ಇದ್ದರೆ ವಾಸನೆಯೇ ಗೊತ್ತಾಗುವುದಿಲ್ಲ, ಮನುಷ್ಯ ಅಲ್ಲೇ ಕುಸಿದುಬಿಡುತ್ತಾನೆ, ಎತ್ತಲು ಹೋದವನೂ ಸಾಯುತ್ತಾನೆ. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ರಕ್ಷಣೆ ಇಲ್ಲದೆ ಇಳಿಸುವುದು ಅಪರಾಧ. ಇಳಿಸಿದವರು ಮಾಮೂಲಿ ಮನೆ ಮಾಲೀಕರಾದರೂ, ಅಪಾರ್ಟ್‌ಮೆಂಟ್ ಸಂಘದವರಾದರೂ ಅಷ್ಟೇ. ಮೊದಲ ಸಲಕ್ಕೇ 2 ವರ್ಷದ ತನಕ ಜೈಲು ಅಥವಾ 2 ಲಕ್ಷದ ತನಕ ದಂಡ, ಎರಡೂ ಆಗಬಹುದು. ಒಳಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಗುತ್ತಿಗೆದಾರ ಯಾರನ್ನಾದರೂ ಇಳಿಸುತ್ತಿದ್ದರೆ ವಿಡಿಯೋ ಮಾಡುತ್ತಾ ನಿಲ್ಲಬೇಡಿ, ಮೊದಲು ನಿಲ್ಲಿಸಿ.

ಪೈಪ್ ಯಾರದು, ತೊಂದರೆ ಎಲ್ಲಿದೆ

ಬೆಂಗಳೂರಿನಲ್ಲಿ ನೆಲದ ಕೆಳಗಿನ ಯುಜಿಡಿ ಲೈನು, ಅದರ ಮ್ಯಾನ್‌ಹೋಲು, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ), ಪಂಪಿಂಗ್ ಸ್ಟೇಷನ್ ಜಲಮಂಡಳಿಯದು. 1964ರ ಕಾಯ್ದೆಯೇ ಇದನ್ನು ಮಂಡಳಿಗೆ ಕೊಟ್ಟಿದೆ. ರಸ್ತೆ ಬದಿ ಚಪ್ಪಡಿ ಮುಚ್ಚಿದ ಮಳೆನೀರು ಚರಂಡಿ, ರಾಜಕಾಲುವೆ, ರಸ್ತೆ ಇವು ಕಾರ್ಪೊರೇಷನ್ ಕಡೆಯವು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಕಾರ್ಪೊರೇಷನ್ ಬಂದಿವೆ. ಹಾಗಾಗಿ "ಆ ಫೈಲು ಹಳೇ ಆಫೀಸಲ್ಲಿದೆ" ಅನ್ನುವ ಹೊಸ ನೆಪವೂ ಈಗ ಕೇಳಬಹುದು. ಅಪಾರ್ಟ್‌ಮೆಂಟಿನ ಎಸ್‌ಟಿಪಿ ನೀರನ್ನು ಕದ್ದು ಚರಂಡಿಗೆ ಬಿಡುತ್ತಿದ್ದರೆ ಅದು ಮಾಲಿನ್ಯ ನಿಯಂತ್ರಣ ಮಂಡಳಿಯ ವಿಷಯ.

ಬೇರೆ ಊರುಗಳಲ್ಲಿ ಕಥೆ ಬೇರೆ. ಅಲ್ಲಿ ಸಾಮಾನ್ಯವಾಗಿ ಯುಜಿಡಿ ಕಟ್ಟುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಕಟ್ಟಿ ಮುಗಿಸಿ ನಗರಸಭೆಗೋ ಪುರಸಭೆಗೋ ಹಸ್ತಾಂತರ ಮಾಡುತ್ತದೆ. ಜಗಳ ಇರುವುದೇ ಆ ಹಸ್ತಾಂತರದಲ್ಲಿ. "ನಮಗಿನ್ನೂ ಹಸ್ತಾಂತರ ಆಗಿಲ್ಲ" ಅಂತ ನಗರಸಭೆ, "ನಾವು ಕೊಟ್ಟಾಯ್ತು" ಅಂತ ಮಂಡಳಿ. ಹಸ್ತಾಂತರ ಪತ್ರದ ಪ್ರತಿ ಕೇಳಿ. ಆ ಒಂದು ಹಾಳೆ ಸಿಕ್ಕರೆ ಸಾಕು.

ಈಗ ತೊಂದರೆ ಎಂಥದ್ದು ಅಂತ ನೀವೇ ಅಂದಾಜು ಮಾಡಬಹುದು. ಇದಕ್ಕೆ ಇಂಜಿನಿಯರಿಂಗ್ ಓದಬೇಕಿಲ್ಲ. ನಿಮ್ಮ ಮನೆಯ ಟಾಯ್ಲೆಟ್ ಒಂದೇ ಕಟ್ಟಿಕೊಂಡು ಪಕ್ಕದವರದು ಸರಿಯಿದ್ದರೆ ಅದು ನಿಮ್ಮ ಚೇಂಬರ್ ಸಮಸ್ಯೆ, ಯಾರನ್ನೂ ಬೈಯಬೇಡಿ. ಒಂದು ಮ್ಯಾನ್‌ಹೋಲ್ ಉಕ್ಕುತ್ತಿದ್ದು ಇಳಿಜಾರಿನ ಕಡೆಯ ಮುಂದಿನದು ಸರಿಯಿದ್ದರೆ ಕಟ್ಟಿರುವುದು ಆ ಎರಡರ ನಡುವೆ. ಲೈನ್‌ಮನ್ ಬಂದಾಗ ಮುಂದಿನ ಮುಚ್ಚಳವನ್ನೂ ತೆಗೆದು ತೋರಿಸಲು ಹೇಳಿ, ಒಳಗೆ ನೀರು ಕಡಿಮೆ ಇದ್ದರೆ ಉತ್ತರ ಸಿಕ್ಕಿತು. ಉದ್ದಕ್ಕೂ ಎಲ್ಲ ಮ್ಯಾನ್‌ಹೋಲೂ ತುಂಬಿ ನಿಂತಿದ್ದರೆ ಮುಂದೆ ದೊಡ್ಡ ಲೈನಿನಲ್ಲೋ ಪಂಪಿಂಗ್ ಸ್ಟೇಷನ್‌ನಲ್ಲೋ ತೊಂದರೆ ಇದೆ. ಅಂಥ ಕಡೆ ನಿಮ್ಮ ಬೀದಿಗೆ ಜೆಟ್ಟಿಂಗ್ ಗಾಡಿ (ಜೋರು ಒತ್ತಡದ ನೀರಿನಿಂದ ಪೈಪಿನ ಕಟ್ಟು ಬಿಡಿಸುವ ಗಾಡಿ) ಕಳಿಸುವುದು ಬರೀ ತೋರಿಕೆ. ಮಳೆ ಬಂದಾಗ ಮಾತ್ರ ಉಕ್ಕುತ್ತದಾ? ಹಾಗಾದರೆ ಮಳೆನೀರು ಯುಜಿಡಿಗೆ ಸೇರುತ್ತಿದೆ. ಇಲ್ಲಿ ನಮ್ಮ ಬೀದಿಗಳ ತಪ್ಪೂ ಇದೆ, ಅದನ್ನು ಒಪ್ಪಿಕೊಳ್ಳಬೇಕು: ತಾರಸಿ ನೀರಿನ ಪೈಪನ್ನು ನೇರವಾಗಿ ಚೇಂಬರಿಗೆ ಕೊಟ್ಟಿರುವ ಮನೆಗಳು ಪ್ರತಿ ಬೀದಿಯಲ್ಲೂ ಇವೆ, ಹೋಟೆಲಿನ ಜಿಡ್ಡು, ಪ್ಯಾಡು, ಡೈಪರ್ ಬೇರೆ. ದಿನಾ ಬೆಳಗ್ಗೆ ಎಲ್ಲರೂ ಸ್ನಾನ ಮಾಡುವ ಹೊತ್ತಿಗೆ ಉಕ್ಕಿ ಮಧ್ಯಾಹ್ನಕ್ಕೆ ಇಳಿದರೆ ಪೈಪಿನ ಅಳತೆ ಸಾಲುತ್ತಿಲ್ಲ. ಎರಡು ಮಹಡಿ ಇದ್ದ ಕಡೆ ಐದು ಮಹಡಿ ಪಿಜಿ ಎದ್ದಿರುತ್ತವೆ, ಕೆಳಗಿನ ಪೈಪ್ ಮಾತ್ರ ಹಳೆಯದು.

ಜೆಟ್ಟಿಂಗ್ ಮಾಡಿಸಿದ ಕೆಲವೇ ದಿನಕ್ಕೆ ಮತ್ತೆ ಅದೇ ಜಾಗದಲ್ಲಿ ಉಕ್ಕಿದರೆ ಪೈಪೇ ಕುಸಿದಿರುವ ಸಾಧ್ಯತೆ ಹೆಚ್ಚು. ಹಳೇ ಬಡಾವಣೆಗಳಲ್ಲಿ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪ್ ಇರುತ್ತದೆ, ಮರದ ಬೇರು ಜೋಡಣೆಯಲ್ಲಿ ನುಗ್ಗಿ ಒಡೆಯುತ್ತದೆ. ದೊಡ್ಡ ಸಿಮೆಂಟ್ ಪೈಪುಗಳಲ್ಲಿ ಆ ಹೈಡ್ರೋಜನ್ ಸಲ್ಫೈಡ್ ಅನಿಲವೇ ಮೇಲಿನ ಗೋಡೆಯಲ್ಲಿ ಗಂಧಕಾಮ್ಲವಾಗಿ ಸಿಮೆಂಟನ್ನು ತಿನ್ನುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಒಂದು ದಿನ ರಸ್ತೆಯೇ ಕುಸಿಯುತ್ತದೆ. ಇಂಥ ಕಡೆ ಕೇಳಬೇಕಾದ್ದು ಜೆಟ್ಟಿಂಗ್ ಅಲ್ಲ, ಪೈಪಿನ ಒಳಗೆ ಕ್ಯಾಮೆರಾ ಬಿಟ್ಟು ಪರೀಕ್ಷೆ. ದೂರಿನಲ್ಲಿ ಆ ಮಾತನ್ನೇ ಬರೆಯಿರಿ.

ದೂರು ಹೇಗೆ ಕೊಡಬೇಕು

ಬೆಂಗಳೂರಿನಲ್ಲಿ ಜಲಮಂಡಳಿಗೆ 1916. ರಾಜ್ಯದ ಯಾವುದೇ ಊರಿನಿಂದ 1902, ಅದು ಜನಸ್ಪಂದನ. ಎಷ್ಟೋ ಕಡೆ 14420 ಕೂಡ ಇದೆ, ಯುಜಿಡಿ ಮತ್ತು ಸೆಪ್ಟಿಕ್ ಟ್ಯಾಂಕಿಗೆ ಅಂತಲೇ ಇಟ್ಟ ನಂಬರು. ದೂರಿನ ಸಂಖ್ಯೆ ಇಲ್ಲದೆ ಫೋನ್ ಇಡಬೇಡಿ. ಎಇ (ಸಹಾಯಕ ಇಂಜಿನಿಯರ್) ಸಾಹೇಬರ ಮೊಬೈಲಿಗೆ ಮಾಡಿದ ಕರೆ, ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ ಫೋಟೋ, ಅದಕ್ಕೆ ಬಂದ ಕೈಮುಗಿಯುವ ಎಮೋಜಿ, ಇವು ಯಾವುದೂ ದಾಖಲೆಯಲ್ಲ. ಕೆಲಸ ಬೇಗ ಆಗಲು ಅವೂ ಬೇಕು, ಆದರೆ ಸಂಖ್ಯೆ ಮೊದಲು.

ಒಂದೇ ಜಾಗ ಮತ್ತೆ ಮತ್ತೆ ಉಕ್ಕಿದರೆ ಪ್ರತಿ ಸಲವೂ ಹೊಸ ದೂರು ಕೊಡಿ. "ಸಮಸ್ಯೆ ಬಗೆಹರಿದಿದೆ" ಅಂತ ಮೆಸೇಜ್ ಬಂದು ನೀರು ಹಾಗೇ ಹರಿಯುತ್ತಿದ್ದರೆ ಆ ಮೆಸೇಜನ್ನೂ, ಅದೇ ಗಂಟೆಯ ರಸ್ತೆಯ ಫೋಟೋವನ್ನೂ ಒಟ್ಟಿಗೆ ಇಡಿ. ಇದಕ್ಕಿಂತ ಒಳ್ಳೆ ಸಾಕ್ಷಿ ನಿಮಗೆ ಸಿಗುವುದಿಲ್ಲ. ಬೀದಿಯಲ್ಲಿ ಒಬ್ಬರೇ ಕೊಡುವ ಬದಲು ಐದಾರು ಮನೆಯವರು ಬೇರೆ ಬೇರೆ ದೂರು ಕೊಡಿ. ಆಮೇಲೆ ಎಲ್ಲ ಸಂಖ್ಯೆಗಳನ್ನು ಸೇರಿಸಿ ಎಇಇಗೆ (ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್) ಒಂದು ಪತ್ರ ಬರೆದು, ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿ ಮೇಲೆ ಸೀಲು ಹಾಕಿಸಿಕೊಳ್ಳಿ. ಜಲಮಂಡಳಿಯ ನೀರಿನ ಅದಾಲತ್ (ಜನರ ದೂರು ಕೇಳುವ ಸಭೆ) ನಡೆಯುವ ದಿನ ಸಿಕ್ಕರೆ ಈ ಕಾಗದ ಹಿಡಿದು ಹೋಗಿ. ನಿಮ್ಮ ನೀರಿನ ಬಿಲ್ಲನ್ನೂ ತೆಗೆದುಕೊಂಡು ಹೋಗಿ, ಅದರಲ್ಲಿ ಸ್ಯಾನಿಟರಿ ಶುಲ್ಕ ಅಂತ ಒಂದು ಸಾಲು ಇದೆ. ಒಳಚರಂಡಿಗೆ ದುಡ್ಡು ಕೊಡುತ್ತಿದ್ದೇವೆ, ಪುಕ್ಕಟೆ ಕೇಳುತ್ತಿಲ್ಲ.

ರಿಪೇರಿ ಎಲ್ಲಿ ನಿಂತಿದೆ

ದೊಡ್ಡ ರಿಪೇರಿ ಒಂದೇ ಸಲ ತಡವಾಗುವುದಿಲ್ಲ. ಮೊದಲು ಎಸ್ಟಿಮೇಟ್, ಆಮೇಲೆ ಆಡಳಿತ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಟೆಂಡರ್, ವರ್ಕ್ ಆರ್ಡರ್, ರಸ್ತೆ ಅಗೆಯಲು ಪರವಾನಗಿ, ಟ್ರಾಫಿಕ್ ಪೊಲೀಸರ ಒಪ್ಪಿಗೆ. ಇಷ್ಟು ಬಾಗಿಲು ದಾಟಬೇಕು, ಎಲ್ಲಿ ಬೇಕಾದರೂ ನಿಲ್ಲಬಹುದು. "ಅನುದಾನ ಬಂದಿಲ್ಲ" ಅಂತ ಹೇಳುವಾಗ ಎಷ್ಟೋ ಸಲ ಎಸ್ಟಿಮೇಟೇ ಬರೆದಿರುವುದಿಲ್ಲ. ಟೆಂಡರ್ ಕರೆದಿದ್ದಾರಾ ಅಂತ ರಾಜ್ಯದ ಕೆಪಿಪಿಪಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಹುಡುಕಬಹುದು, ಲಾಗಿನ್ ಬೇಡ. ಅಲ್ಲಿ ಇಲ್ಲದಿದ್ದರೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕು ಅರ್ಜಿ.

ಆರ್‌ಟಿಐ ಅರ್ಜಿಗೆ 10 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಬೇಡ. ಆನ್‌ಲೈನ್‌ನಲ್ಲೂ ಹಾಕಬಹುದು. ಕರ್ನಾಟಕದ ನಿಯಮ ಒಂದು ನೆನಪಿರಲಿ: ಅರ್ಜಿ ಒಂದೇ ವಿಷಯದ ಮೇಲೆ ಇರಬೇಕು, 150 ಪದ ಮೀರಬಾರದು. ಸಿಟ್ಟನ್ನೆಲ್ಲ ಅರ್ಜಿಯಲ್ಲಿ ಸುರಿದರೆ ಅದೇ ಕಾರಣಕ್ಕೆ ವಾಪಸ್ ಬರುತ್ತದೆ. "ಯಾಕೆ ಮಾಡಲಿಲ್ಲ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಕೊಡುವ ಹೊಣೆ ಅವರಿಗಿಲ್ಲ. ದಾಖಲೆ ಕೇಳಿ. ಹೀಗೆ ಬರೆಯಬಹುದು:

"ವಿಷಯ: ಇಂಥ ರಸ್ತೆ, ಇಂಥ ಅಡ್ಡರಸ್ತೆಯ ಒಳಚರಂಡಿ ಮಾರ್ಗದ ದುರಸ್ತಿ. ಈ ಮಾರ್ಗಕ್ಕೆ ಸಂಬಂಧಿಸಿ ಇಂಥ ತಾರೀಖಿನಿಂದ ಇವತ್ತಿನವರೆಗಿನ ಕೆಳಗಿನ ದಾಖಲೆಗಳ ಪ್ರತಿ ಕೊಡಿ. ದೂರುಗಳ ಪಟ್ಟಿ ಮತ್ತು ಪ್ರತಿ ದೂರಿನ ಮೇಲೆ ಕೈಗೊಂಡ ಕ್ರಮ. ತಯಾರಿಸಿದ ಅಂದಾಜು ಪಟ್ಟಿ ಮತ್ತು ಅದನ್ನು ಮೇಲಧಿಕಾರಿಗೆ ಕಳಿಸಿದ ಪತ್ರ. ಮಂಜೂರಾತಿ ಆದೇಶ. ಕಾರ್ಯಾದೇಶ, ಅದರಲ್ಲಿನ ಮುಕ್ತಾಯದ ಗಡುವು. ಗಡುವು ವಿಸ್ತರಿಸಿದ ಆದೇಶ, ವಿಧಿಸಿದ ದಂಡದ ವಿವರ. ಕಡತದ ಟಿಪ್ಪಣಿ ಹಾಳೆಗಳು. ಕಡತವನ್ನು ಖುದ್ದಾಗಿ ಪರಿಶೀಲಿಸಲು ದಿನ ನಿಗದಿ ಮಾಡಿ."

ಕೊನೆಯ ಎರಡು ಸಾಲು ಮರೆಯಬೇಡಿ. ಟಿಪ್ಪಣಿ ಹಾಳೆಯಲ್ಲಿ ಯಾವ ಅಧಿಕಾರಿ ಯಾವ ದಿನ ಏನು ಬರೆದು ಯಾರಿಗೆ ಕಳಿಸಿದರು ಅನ್ನುವುದು ಇರುತ್ತದೆ, ಫೈಲು ಒಂದೇ ಟೇಬಲ್ ಮೇಲೆ ಎಷ್ಟು ತಿಂಗಳು ಮಲಗಿತ್ತು ಅಂತ ಅಲ್ಲೇ ಕಾಣುತ್ತದೆ. 30 ದಿನಕ್ಕೆ ಉತ್ತರ ಬರಬೇಕು. ಕುಡಿಯುವ ನೀರಿಗೆ ಕೊಳಚೆ ಸೇರಿ ಜೀವಕ್ಕೇ ಅಪಾಯ ಇದ್ದರೆ 48 ಗಂಟೆಯ ಅವಕಾಶವಿದೆ, ಅದನ್ನು ಅರ್ಜಿಯ ಮೇಲೇ ಬರೆಯಿರಿ. ಉತ್ತರ ಬರದಿದ್ದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ, ಅದಾದ ಮೇಲೆ 90 ದಿನದೊಳಗೆ ಮಾಹಿತಿ ಆಯೋಗ. ಆಯೋಗದಲ್ಲಿ ತಡ ಆಗುತ್ತದೆ, ನಿಜ. ಆದರೆ ಮೊದಲ ಮೇಲ್ಮನವಿ ಹಾಕುವುದು ಬಿಡಬೇಡಿ, ಮೇಲಧಿಕಾರಿಯ ಟೇಬಲ್ಲಿಗೂ ವಿಷಯ ಹೋಗುತ್ತದೆ.

ಭಾಷಣಕ್ಕೆ ಉತ್ತರ

ದಾಖಲೆ ಬಂದ ಮೇಲೆ ಒಂದು ಹಾಳೆ ಮಾಡಿ. ಎಡಕ್ಕೆ ತಾರೀಖು, ನಡುವೆ ಏನಾಯಿತು, ಬಲಕ್ಕೆ ಆಗ ಯಾವ ಸರ್ಕಾರ, ಯಾರು ಶಾಸಕರು. ನನ್ನ ಅನುಮಾನ ಏನೆಂದರೆ ಇಂಥ ಹಾಳೆಯಲ್ಲಿ ಹೆಚ್ಚು ಸಲ ಎರಡು ಮೂರು ಪಕ್ಷಗಳೂ ಸಿಕ್ಕಿಬೀಳುತ್ತವೆ. 2007ರಲ್ಲಿ ಬೆಂಗಳೂರಿಗೆ ಸೇರಿಸಿದ 110 ಹಳ್ಳಿಗಳನ್ನೇ ನೋಡಿ. ಕಟ್ಟಡಗಳಿಗೆ ಅನುಮತಿ, ತೆರಿಗೆ ಎಲ್ಲ ಬೇಗ ಬಂತು, ಯುಜಿಡಿ ಮಾತ್ರ ವರ್ಷಗಟ್ಟಲೆ ಎಳೆಯಿತು. ಈ ಹಳ್ಳಿಗಳಿಗೆ ಕುಡಿಯುವ ನೀರು ತರುವ ಕಾವೇರಿ ಐದನೇ ಹಂತ ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್‌ನಲ್ಲಿ. ಈ ನಡುವೆ ರಾಜ್ಯ ಆಳದ ಪಕ್ಷ ಯಾವುದು ಹೇಳಿ? ಅದರ ಮೇಲೆ 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದು ಚುನಾವಣೆ ವರ್ಷಗಟ್ಟಲೆ ಆಗದೆ, ವಾರ್ಡಿನಲ್ಲಿ ಬೈಯಲೂ ಒಬ್ಬ ಆಸಾಮಿ ಇಲ್ಲದ ಹಾಗಾಯಿತು.

ಶಾಸಕರ ಹತ್ತಿರ ಹೋದಾಗ "ಯಾರ ತಪ್ಪು" ಅನ್ನುವ ಪ್ರಶ್ನೆ ತೆಗೆಯಬೇಡಿ. ಅದು ಅವರಿಗೆ ಇಷ್ಟವಾದ ಪ್ರಶ್ನೆ, ಒಂದು ಗಂಟೆ ಮಾತಾಡುತ್ತಾರೆ. "ಫೈಲು ಇಂಥ ಕಚೇರಿಯಲ್ಲಿ ಇಂಥ ದಿನದಿಂದ ನಿಂತಿದೆ ಸಾರ್, ಅವರಿಗೆ ನಿಮ್ಮ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬೇಕು, ಕರಡು ತಂದಿದ್ದೇವೆ" ಅನ್ನಿ. ಇಷ್ಟು ಸಣ್ಣ ಕೆಲಸಕ್ಕೆ ಆಗಲ್ಲ ಅನ್ನುವುದು ಕಷ್ಟ. ಪತ್ರಕರ್ತರಿಗೆ ಕೊಡುವಾಗಲೂ ಅದೇ ಹಾಳೆ ಕೊಡಿ. ಮೂಗು ಮುಚ್ಚಿಕೊಂಡ ಫೋಟೋ ಒಂದು ದಿನದ ಸುದ್ದಿ, ತಾರೀಖಿನ ಪಟ್ಟಿ ಇದ್ದರೆ ವರದಿಗಾರರು ಅಧಿಕಾರಿಗೆ ಫೋನ್ ಮಾಡಿ ಕೇಳುತ್ತಾರೆ.

ಏನೂ ಆಗದಿದ್ದರೆ

ಬೆಳ್ಳಂದೂರು ಕೆರೆಯ ವಿಷಯ ಇಲ್ಲಿ ಹೇಳಲೇಬೇಕು. 2015ರ ಮೇನಲ್ಲಿ ಅದರ ನೊರೆಗೆ ಬೆಂಕಿ ಬಿತ್ತು. 2017ರ ಫೆಬ್ರವರಿಯಲ್ಲಿ ಮತ್ತೆ. 2018ರ ಜನವರಿಯಲ್ಲಿ ಇನ್ನೊಮ್ಮೆ ಬಿದ್ದಾಗ ಆರಿಸಲು ಸುಮಾರು 5,000 ಸೈನಿಕರು ಕೈಜೋಡಿಸಿದರು. ಕೆರೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕೈಯಲ್ಲಿ, ಕೊಳಚೆ ಜಲಮಂಡಳಿ ಲೆಕ್ಕ, ಕಾಲುವೆ ಬಿಬಿಎಂಪಿದು, ಕಾರ್ಖಾನೆ ಅಪಾರ್ಟ್‌ಮೆಂಟುಗಳಿಗೆ ನೋಟಿಸ್ ಕೊಡಬೇಕಾದ್ದು ಮಾಲಿನ್ಯ ಮಂಡಳಿ. ಎಲ್ಲರೂ ಇನ್ನೊಬ್ಬರ ಕಡೆ ಬೆರಳು ತೋರಿಸಿದರು. 2018ರ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ (ಪರಿಸರ ಪ್ರಕರಣಗಳನ್ನು ಕೇಳುವ ಎನ್‌ಜಿಟಿ) ಕೊಟ್ಟ ಆದೇಶ ಗಮನಿಸಿ: ಕೆರೆಗಳಿಗೆ ಅಂತ 500 ಕೋಟಿ ರೂಪಾಯಿ ಬೇರೆ ಖಾತೆಯಲ್ಲಿ ಇಡಿ, ಸರ್ಕಾರ ಮತ್ತು ಬಿಬಿಎಂಪಿ ಇಬ್ಬರೂ ದಂಡ ಕಟ್ಟಿ, ಕೆಲಸದ ಮೇಲೆ ನಿವೃತ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಸಮಿತಿ ಕಣ್ಣಿಡಲಿ. ಕೆರೆ ಇವತ್ತಿಗೂ ಪೂರ್ತಿ ಸರಿಯಾಗಿಲ್ಲ, ಆದರೆ "ನಮ್ಮದಲ್ಲ" ಅಂತ ನುಣುಚಿಕೊಳ್ಳುವುದು ಆ ಆದೇಶದ ನಂತರ ಕಷ್ಟವಾಯಿತು.

ನಮ್ಮ ರಾಜ್ಯಕ್ಕೆ ಹಸಿರು ನ್ಯಾಯಮಂಡಳಿಯ ಪೀಠ ಚೆನ್ನೈನಲ್ಲಿದೆ. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ತೊಂದರೆ ಶುರುವಾದ 6 ತಿಂಗಳೊಳಗೆ ಹೋಗಬೇಕು, ತಕ್ಕ ಕಾರಣ ಇದ್ದರೆ ಇನ್ನು 60 ದಿನ ಸಿಗಬಹುದು. ಕಾಯುತ್ತಾ ಕೂತರೆ ಈ ಗಡುವೇ ನಿಮಗೆ ಉರುಳಾಗುತ್ತದೆ, ಆದ್ದರಿಂದ ದೂರು ಕೊಟ್ಟ ಮೊದಲ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಪತ್ರಿಕೆಯ ವರದಿ ನೋಡಿ ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ತೆಗೆದುಕೊಳ್ಳುವುದೂ ಉಂಟು, ಆ ಅಧಿಕಾರ ಇದೆ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ಚೆನ್ನೈ ತನಕ ಯಾರು ಹೋಗುತ್ತಾರೆ ಅನ್ನುವವರಿಗೆ ಊರಿನಲ್ಲೇ ಒಂದು ದಾರಿ ಇದೆ, ಇದನ್ನು ಬಳಸುವವರು ಕಡಿಮೆ. ಮಧ್ಯಪ್ರದೇಶದ ರತ್ಲಾಮಿನಲ್ಲಿ ಒಂದು ವಾರ್ಡಿನ ಜನ ಚರಂಡಿ ಗಬ್ಬು ತಡೆಯಲಾರದೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋದರು. ಪುರಸಭೆ ದುಡ್ಡಿಲ್ಲ ಅಂತ ಸುಪ್ರೀಂ ಕೋರ್ಟ್ ತನಕ ಹೋಯಿತು. 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ, ಚರಂಡಿ ಸರಿಮಾಡುವುದು ಪುರಸಭೆಯ ಕರ್ತವ್ಯ, ಹಣವಿಲ್ಲ ಅನ್ನುವುದು ಅದರಿಂದ ತಪ್ಪಿಸಿಕೊಳ್ಳುವ ದಾರಿಯಲ್ಲ ಅಂತ ತೀರ್ಪು ಕೊಟ್ಟಿತು. ಇದಕ್ಕೆ ಆಧಾರ ಆಗಿನ ಅಪರಾಧ ಪ್ರಕ್ರಿಯೆ ಸಂಹಿತೆಯ (ಸಿಆರ್‌ಪಿಸಿ) 133ನೇ ಸೆಕ್ಷನ್, ಈಗ ಅದರ ಜಾಗದಲ್ಲಿ ಬಂದಿರುವ ಬಿಎನ್‌ಎಸ್‌ಎಸ್ ಕಾಯ್ದೆಯ 152. ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಅರ್ಜಿಯ ಜೊತೆ ದೂರಿನ ಸಂಖ್ಯೆಗಳು, ಫೋಟೋಗಳು, ಆರ್‌ಟಿಐ ಉತ್ತರ, ಆಸ್ಪತ್ರೆ ಚೀಟಿ ಇದ್ದರೆ ಅದೂ ಇರಲಿ. ಒಬ್ಬ ಸ್ಥಳೀಯ ವಕೀಲರನ್ನು ಜೊತೆಗೆ ಇಟ್ಟುಕೊಂಡರೆ ಒಳ್ಳೆಯದು.

ಕೆಲಸ ಶುರುವಾದ ದಿನ

ಜೆಸಿಬಿ ಬಂತು ಅಂತ ಎಲ್ಲರೂ ಒಳಗೆ ಹೋಗಿಬಿಡುತ್ತಾರೆ. ಹೋಗಬೇಡಿ. ವರ್ಕ್ ಆರ್ಡರ್‌ನಲ್ಲಿ ಬರೆದ ಅಳತೆಯ ಪೈಪೇ ಇಳಿಸುತ್ತಿದ್ದಾರಾ ನೋಡಿ, ಟೇಪ್ ಹಿಡಿದು ಫೋಟೋ ತೆಗೆಯಿರಿ. ಅನುಮಾನ ಬಂದರೆ ಆರ್‌ಟಿಐ ಕಾಯ್ದೆಯಲ್ಲಿ ಕಾಮಗಾರಿ ಪರಿಶೀಲಿಸಲು, ಸಾಮಗ್ರಿಯ ಮಾದರಿ ಪಡೆಯಲು ಕೂಡ ಹಕ್ಕಿದೆ. ಅಗೆಯುವಾಗ ಪಕ್ಕದಲ್ಲಿರುವ ಕುಡಿಯುವ ನೀರಿನ ಪೈಪಿಗೆ ಏಟು ಬಿದ್ದರೆ ಅವತ್ತೇ ಸರಿಮಾಡಿಸಿ, ಮಣ್ಣು ಮುಚ್ಚಿದ ಮೇಲೆ ಯಾರೂ ಒಪ್ಪಿಕೊಳ್ಳುವುದಿಲ್ಲ. ಮ್ಯಾನ್‌ಹೋಲ್ ಮುಚ್ಚಳ ರಸ್ತೆ ಮಟ್ಟಕ್ಕೆ ಬರಲಿ. ಡಾಂಬರು ಹಾಕುವ ಮುಂಚೆ ಮೇಲಿನ ಮ್ಯಾನ್‌ಹೋಲಿಗೆ ಟ್ಯಾಂಕರ್ ನೀರು ಬಿಟ್ಟು ಕೆಳಗಿನದರಲ್ಲಿ ಸರಾಗವಾಗಿ ಬರುತ್ತದಾ ಅಂತ ತೋರಿಸಲು ಇಂಜಿನಿಯರ್‌ಗೆ ಹೇಳಿ. ಗುತ್ತಿಗೆಯಲ್ಲಿ ದೋಷ ಹೊಣೆಗಾರಿಕೆ ಅವಧಿ ಎಷ್ಟು ಅಂತ ಬರೆದಿರುತ್ತದೆ, ಅಷ್ಟರೊಳಗೆ ಮತ್ತೆ ಕೆಟ್ಟರೆ ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿಮಾಡಬೇಕು. ಆ ತಾರೀಖನ್ನು ಬೀದಿಯ ಗ್ರೂಪಿನಲ್ಲಿ ಪಿನ್ ಮಾಡಿಡಿ, ಗುತ್ತಿಗೆದಾರರ ಹೆಸರು ಮತ್ತು ವರ್ಕ್ ಆರ್ಡರ್ ಸಂಖ್ಯೆ ಸಮೇತ.